ಎರಡನೇ ಕಿವಿ

ಜೂನ್ ೩

ಪ್ರೀತಿಯ ಸೂಜಿ,

ವೈರ್‌ಲೆಸ್ಸನ್ನು ಕಂಡುಹಿಡಿದವನು ನಾನು. ನಿನ್ನ ಪುಸ್ತಕಗಳಲ್ಲಿ ಬೇರೆ ಯಾರದೋ ಹೆಸರಿರಬಹುದು, ಅದು ಅವರ ಅದೃಷ್ಟ. ಊರ ಶಾಲೆಯ ಎರಡನೇ ಕ್ಲಾಸಿನಲ್ಲಿ ನಾನು ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಒಂದೆಳೆ ದಾರವೂ ಇಲ್ಲದೆ ಲೆಕ್ಕದ ಉತ್ತರ ಕಳಿಸುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಕೂತು ಅದನ್ನು ಹಿಡಿಯುತ್ತಿದ್ದವನು ನಮ್ಮ ಎಡಚ. ಎಡಗೈಯಲ್ಲಿ ಬರೆದು ಎಲ್ಲವನ್ನೂ ತಪ್ಪು ಮಾಡುತ್ತಿದ್ದ. ಮೇಷ್ಟ್ರು ನನ್ನ ಶೋಧನೆಗೆ ಬೆತ್ತದಿಂದ ಸನ್ಮಾನ ಮಾಡಿದರು. ಏಳನೇ ಕ್ಲಾಸು ಮುಗಿಯುವ ಹೊತ್ತಿಗೆ, ಈತನಿಗೆ ಇನ್ನು ಕಲಿಸಲು ನಮ್ಮಲ್ಲಿ ಏನೂ ಉಳಿದಿಲ್ಲ ಎಂದು ಶಾಲೆಯೇ ನನ್ನನ್ನು ಕಳಿಸಿಕೊಟ್ಟಿತು.

ಫೋನ್ ಮಾಡದೆ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀ.

ವಿಷಯಕ್ಕೆ ಬರುತ್ತೇನೆ. ನಾನು ಕೂರುವ ಕೋಣೆ ನಿನಗೆ ನೆನಪಿದೆಯಲ್ಲ? ಬಂದರಿನ ಬಲೆ ಗೋದಾಮಿನ ಮೇಲೆ ಒಂದು ಮೇಜು, ಒಂದು ಸೆಟ್ಟು, ಒಂದು ಸ್ಪೀಕರು, ಕೈ ಮುರಿದ ಕುರ್ಚಿ. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು ಕಡಲಿನ ಬೋಟುಗಳ ಮಾತು ಕೇಳುತ್ತಿದ್ದೇನೆ. ಎಂಜಿನ್ನು ನಿಂತಿತು, ಬೋಟಿಗೆ ನೀರು ನುಗ್ಗಿತು ಎಂದು ಯಾರಾದರೂ ಕೂಗಿದರೆ ಸಾಕು, ನಾನು ಗಂಟೆ ಬಾರಿಸುತ್ತೇನೆ, ಬೋಟು ಕಟ್ಟುವ ಧಕ್ಕೆಯಿಂದ ರಕ್ಷಣಾ ಬೋಟು ಹೊರಡುತ್ತದೆ. ಬೋಟಿನವರು ನನ್ನನ್ನು ಕರೆಯುವುದೇ ‘ಕಿವಿ’ ಎಂದು.

ಈಗ ಈ ಕಿವಿಗೆ ಕಷ್ಟ ಬಂದಿದೆ. ಎರಡು ತಿಂಗಳ ಹಿಂದೆ ಹಿಂಬದಿಯ ಗುಡ್ಡದ ನೆತ್ತಿಯಲ್ಲಿ ಹಾಡಿನ ರೇಡಿಯೋದವರು ಟವರು ನಿಲ್ಲಿಸಿದರು. ಅವರದು ಬೇರೆ ಅಲೆ, ನಮ್ಮದು ಬೇರೆ ಅಲೆ. ಆದರೆ ಪಕ್ಕದ ಮನೆಯವನು ಗೋಡೆಗೆ ಬಾಯಿಟ್ಟು ಕಿರುಚಿದರೆ ನಮ್ಮ ಮನೆಯ ಪಿಸುಮಾತು ಯಾರಿಗೆ ಕೇಳೀತು? ಬೆಳಗಿನಿಂದ ಸಂಜೆವರೆಗೆ ಪ್ರೇಮಗೀತೆ, ಸೋಪಿನ ಜಾಹೀರಾತು. ದೂರು ಕೊಟ್ಟೆವು. ನಮ್ಮ ಹತ್ತಿರ ಪರವಾನಗಿ ಇದೆ ಎಂದು ಕಾಗದ ತೋರಿಸಿದರು. ಹೋದ ವಾರ ಎಡಚನ ಎಂಜಿನ್ನು ಕಡಲಿನಲ್ಲಿ ನಿಂತುಹೋಯಿತು. ಗುಡ್ಡದ ಮೇಲೆ ನಾಲ್ಕು ನಿಮಿಷ ಕರೆಂಟು ಹೋಗಿದ್ದರಿಂದ ಅವನ ದನಿ ನನ್ನ ಕಿವಿಗೆ ಬಿತ್ತು. ಆ ನಾಲ್ಕು ನಿಮಿಷ ಇಲ್ಲದಿದ್ದರೆ?

ನೀನು ಓದಿದ್ದು ಇದೇ ವಿದ್ಯೆಯಲ್ಲವೇ? ಆ ಟವರಿನ ಬಾಯಿಗೊಂದು ಬೀಗ ಮಾಡಿ ಕಳಿಸು.

ಇಂತಿ,
ಕಡಲಿನ ಏಕೈಕ ಕಿವಿ, ನಿನ್ನ ಮಾವ


ಜೂನ್ ೨೧

ಪ್ರೀತಿಯ ಮಾವ,

ಆ ಸನ್ಮಾನದ ಗುರುತು ನಿಮ್ಮ ಅಂಗೈಯಲ್ಲಿ ಇನ್ನೂ ಇದೆ ಅಂತ ಅಮ್ಮ ಹೇಳಿದಳು.

ನೀವು ಕೇಳಿದ ಬೀಗವನ್ನೇ ನಾನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಪರೀಕ್ಷೆಗೆಂದು ಆಫೀಸಿನವರು ಒಂದು ಪೆಟ್ಟಿಗೆ ಹೊರಗೆ ಕೊಡಲು ಒಪ್ಪಿದ್ದಾರೆ, ಅದು ನಿಮ್ಮ ಕೋಣೆಗೆ ಬರುತ್ತಿದೆ. ಅಲ್ಲಿ ಅದು ಸರಿಯಾಗಿ ನಡೆದರೆ ಇನ್ನೂ ಮೂವತ್ತು ಬಂದರುಗಳಿಗೆ ಹೋಗುತ್ತದೆ. ಅಲ್ಲೆಲ್ಲ ಇದೇ ಗೋಳು ಮಾವ.

ಇನ್ನು ನಾನು ಹೇಳುವುದನ್ನು ಎರಡು ಸಲ ಓದಿ. ನಿಮ್ಮ ಕಂಬದ ಮೇಲಿರುವ ಆಂಟೆನಾ ಮೊದಲನೇ ಕಿವಿ. ಅದಕ್ಕೆ ಟವರಿನ ಕಿರುಚಾಟವೂ ಬೋಟಿನ ದನಿಯೂ ಒಟ್ಟಿಗೇ ಬೀಳುತ್ತವೆ. ಪೆಟ್ಟಿಗೆಯ ಜೊತೆ ಒಂದು ಸಣ್ಣ ಆಂಟೆನಾ ಇಟ್ಟಿದ್ದೇನೆ, ಅದು ಎರಡನೇ ಕಿವಿ. ಅದಕ್ಕೆ ಟವರಿನ ಕಿರುಚಾಟ ಮಾತ್ರ ಬೀಳಬೇಕು. ಆಗ ಪೆಟ್ಟಿಗೆ ಎರಡನೇ ಕಿವಿಯ ಕಿರುಚಾಟವನ್ನು ಬೇಕಾದಷ್ಟು ಹಿಗ್ಗಿಸಿ, ಕುಗ್ಗಿಸಿ, ಹಿಂದೆ ಮುಂದೆ ಜರುಗಿಸಿ, ಮೊದಲನೇ ಕಿವಿಗೆ ಬಿದ್ದದ್ದರಿಂದ ಕಳೆಯುತ್ತದೆ. ಉಳಿಯುವುದು ಬೋಟಿನ ದನಿ. ಗಾಳಿ ಬದಲಾದರೂ ಮಳೆ ಬಂದರೂ ತಾನೇ ಮತ್ತೆ ಮತ್ತೆ ಕಲಿತು ಹೊಂದಿಸಿಕೊಳ್ಳುತ್ತದೆ.

ಆದರೆ ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಎರಡನೇ ಕಿವಿಗೆ ಏನು ಬೀಳುತ್ತದೋ ಅದನ್ನೆಲ್ಲ ಶತ್ರು ಎಂದೇ ತಿಳಿಯುತ್ತದೆ. ಆದ್ದರಿಂದ ಅದನ್ನು ಗೋದಾಮಿನ ಹಿಂಗೋಡೆಗೆ, ಗುಡ್ಡದ ಕಡೆಗೆ ಮುಖ ಮಾಡಿ, ಆಳೆತ್ತರದಲ್ಲಿ ಬಿಗಿಯಿರಿ. ಅದಕ್ಕೂ ಕಡಲಿಗೂ ನಡುವೆ ಇಡೀ ಕಟ್ಟಡ ಇರಬೇಕು. ಅಲ್ಲಿಂದ ಕದಲಿಸಬೇಡಿ.

ಹಾಡು ಪೂರ್ತಿ ಹೋಗುವುದಿಲ್ಲ. ಐಸ್ ಫ್ಯಾಕ್ಟರಿಯ ತಗಡಿನ ಮಾಡಿಗೆ ಬಡಿದು ಬರುವ ದನಿ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಉಳಿಯುತ್ತದೆ. ಕಡಲ ಕಡೆಯಿಂದ ಬರುವ ಸುಯ್ಯೆನ್ನುವ ಸದ್ದೂ ಇರುತ್ತದೆ. ಇರಲಿ ಬಿಡಿ, ತೊಂದರೆಯಿಲ್ಲ. ಪೆಟ್ಟಿಗೆಯ ಬದಿಯಲ್ಲಿ ಉಗುರಗಲದ ಕಾರ್ಡಿದೆ. ಪೆಟ್ಟಿಗೆ ಗಂಟೆಗೊಮ್ಮೆ ಏನು ಹೊಂದಿಸಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಅದನ್ನು ಮುಟ್ಟಬೇಡಿ.

ಅತ್ತೆಗೆ ನಮಸ್ಕಾರ.

ನಿಮ್ಮ ಸೂಜಿ


ಜುಲೈ ೯

ಪ್ರೀತಿಯ ಸೂಜಿ,

ಬಿಗಿದೆ! ನೀನು ಹೇಳಿದ ಗೋಡೆ, ನೀನು ಹೇಳಿದ ಎತ್ತರ. ಸ್ವಿಚ್ಚು ಒತ್ತಿದಾಗ ಪ್ರೇಮಗೀತೆ ಎರಡು ಸಲ ಬಿಕ್ಕಳಿಸಿ ಮೂಲೆಗೆ ಸರಿಯಿತು. ಅದರ ಹಿಂದಿನಿಂದ ಕಡಲು ಬಂತು. ಮೂವತ್ತು ಮೈಲಿ ಆಚೆಯಿಂದ ಎಡಚ, “ಕಿವಿ, ಇವತ್ತು ಮನೆಗೆ ಹೋಗೋವಾಗ ನನ್ನವಳಿಗೆ ಹೇಳ್ಬಿಡು, ಬರೋದು ನಾಳೆ,” ಎಂದ. ಆಮೇಲೆ ಕೆಮ್ಮಿದ. ಆ ಕೆಮ್ಮೂ ಕೇಳಿತು. ಮೂರು ತಿಂಗಳ ಮೇಲೆ ಅವನ ಕೆಮ್ಮು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು ಎಂದು ಅವನಿಗೆ ಹೇಳಬೇಡ.

ಈ ವಿದ್ಯೆಯನ್ನು ನಿನಗೆ ಹೇಳಿಕೊಟ್ಟವನು ನಾನೇ ಎಂದು ಬಂದರಿಗೆಲ್ಲ ತಿಳಿಸಿದ್ದೇನೆ. ಐಸ್ ಫ್ಯಾಕ್ಟರಿಯವನಿಗೆ ಹೊಟ್ಟೆ ಉರಿಯಿತು.

“ಹಾಡು ಒಂಚೂರೂ ಕೇಳಿಸಲ್ಲ ಅನ್ನು, ಒಪ್ಕೋತೀನಿ,” ಎಂದ.

“ಒಂಚೂರೂ ಕೇಳಿಸಲ್ಲ.”

“ಪಂದ್ಯ?”

“ಐವತ್ತು ಸಾವಿರ!” ಎಂದೆ. ಧಕ್ಕೆಯ ಮೇಲಿದ್ದವರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಪಂದ್ಯ ಏನಾಯಿತು ಎಂಬ ವಿಷಯ ಬಿಡು, ಅದು ಗಂಡಸರ ವ್ಯವಹಾರ. ಒಂದೇ ಒಂದು ಕೇಳುತ್ತೇನೆ. ಆ ಸೊಳ್ಳೆ ಇನ್ನೂ ಇದೆ. ಮೂಲೆಯಲ್ಲಿ ಕೂತು ಗುಂಯ್ ಎನ್ನುತ್ತಿದೆ. ಅದನ್ನು ಸಾಯಿಸಲು ದಾರಿ ಇಲ್ಲವೇ?

ಕಡಲಿನ ಕಿವಿ


ಜುಲೈ ೨೦

ಸೂಜಿ,

ಕೂತಿದ್ದರೆ ಎದ್ದು ನಿಲ್ಲು. ಸೊಳ್ಳೆ ಸತ್ತಿತು!

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಹೇಗೆ ಸಾಯಿಸಿದೆ ಎಂದು ಕೇಳಬೇಡ, ಕೈಗುಣ ಎಂದುಕೋ. ಈಗ ಸ್ಪೀಕರಿಗೆ ಕಿವಿ ಹಚ್ಚಿದರೂ ಏನಿಲ್ಲ. ಹಾಡಿಲ್ಲ, ಸೋಪಿಲ್ಲ, ನೀನು ಹೇಳಿದ ಸುಯ್ ಸದ್ದೂ ಇಲ್ಲದಷ್ಟು ಚೊಕ್ಕಟ. ಬಾವಿಯ ತಳದಲ್ಲಿ ಕೂತ ಹಾಗಿದೆ. ಗದ್ದಲಕ್ಕೆ ಹೆದರಿ ಮೂರು ತಿಂಗಳಿಂದ ಮೆಟ್ಟಿಲು ಹತ್ತದಿದ್ದ ಬೆಕ್ಕು ಈಗ ಸ್ಪೀಕರಿನ ಮೇಲೆಯೇ ಮಲಗುತ್ತದೆ. ಐಸಿನವನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ತಲೆ ಬಗ್ಗಿಸಿ ಕೇಳಿದ. ಮತ್ತೆ ಕೇಳಿದ.

“ಏನಯ್ಯಾ, ಏನಾದ್ರೂ ಇದ್ಯಾ?”

“ಏನೂ ಇಲ್ಲ ಮಾರಾಯ.”

“ಅದಕ್ಕೇ ಅನ್ನೋದು ವಿದ್ಯೆ ಅಂತ. ಐಸು ಒಡೆಯೋರಿಗೆ ಬರಲ್ಲ.”

ನಿನ್ನೆ ಎಡಚ ಮುಖ ಊದಿಸಿಕೊಂಡು ಮೆಟ್ಟಿಲು ಹತ್ತಿ ಬಂದ. ಎಂಥ ತಮಾಷೆ ಎನ್ನುತ್ತೀ!

“ಮಧ್ಯಾಹ್ನ ಮೂರು ಸಲ ಕೂಗಿದೆ ಕಣೋ. ಯಾಕೆ ಬಾಯಿ ಬಿಡ್ಲಿಲ್ಲ?”

“ನೀನು ಕೂಗಿದ್ರೆ ತಾನೆ?”

“ಗಂಟಲು ಹರ್ಕೊಂಡೆ.”

“ನಿನ್ನ ಸೆಟ್ಟಿಗೆ ವಯಸ್ಸಾಯ್ತು, ನಿನ್ನ ಹಾಗೇ. ಬ್ಯಾಟರಿ ಬದಲಾಯಿಸು. ಆಗ್ಲಿಲ್ಲ ಅಂದ್ರೆ ನಿನ್ನ ಹೆಂಡತಿನ ಕರ್ಕೊಂಡು ಹೋಗಿ ಕೂಗಿಸು, ಅವಳ ದನಿಗೆ ವೈರ್‌ಲೆಸ್ಸೇ ಬೇಡ.”

ನಕ್ಕು ನನ್ನ ಬೆನ್ನಿಗೆ ಎಡಗೈಯಲ್ಲಿ ಗುದ್ದಿ ಹೋದ. ಇವತ್ತು ಹೊಸ ಬ್ಯಾಟರಿ ತಂದಿದ್ದಾನಂತೆ.

ವಿಶ್ವದ ಅತ್ಯಂತ ಶುಭ್ರವಾದ ಕಿವಿ, ನಿನ್ನ ಮಾವ


ಆಗಸ್ಟ್ ೨

ಪ್ರೀತಿಯ ಮಾವ,

ನಿಮ್ಮ ಕಾಗದ ಓದಿ ನಾನು ನಿಜವಾಗಲೂ ಎದ್ದು ನಿಂತೆ. ನಮ್ಮ ಮೇಲಧಿಕಾರಿಗಳಿಗೆ ತೋರಿಸಿದೆ. ಅವರು ಮೀಟಿಂಗಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಬೆಕ್ಕಿನ ವಿಷಯ ಬಂದಾಗ ಎಲ್ಲರೂ ನಕ್ಕರು. ‘ಬಾವಿಯ ತಳದಲ್ಲಿ ಕೂತ ಹಾಗಿದೆ’ ಎಂಬ ನಿಮ್ಮ ಸಾಲನ್ನು ನನ್ನ ವರದಿಯ ಮೊದಲ ಪುಟಕ್ಕೇ ಹಾಕಿದ್ದೇನೆ. ಮೂವತ್ತು ಬಂದರುಗಳಿಗೂ ಅಪ್ಪಣೆಯಾಯಿತು, ಹೊಸ ಪೆಟ್ಟಿಗೆಗಳು ಹೊರಟಿವೆ.

ಒಂದು ಸಣ್ಣ ಅನುಮಾನ. ಇಲ್ಲಿ ಲ್ಯಾಬಿನಲ್ಲಿ ನನಗೆ ಅಷ್ಟು ಮೌನ ಯಾವತ್ತೂ ಸಿಕ್ಕಿಲ್ಲ. ಸುಯ್ ಎನ್ನುವ ಸದ್ದೂ ಇಲ್ಲ ಅಂದಿರಿ, ಅದು ಸ್ವಲ್ಪ ವಿಚಿತ್ರ. ಎರಡನೇ ಆಂಟೆನಾ ಇದ್ದಲ್ಲೇ ಇದೆ ತಾನೇ? ಸುಮ್ಮನೆ ಕೇಳಿದೆ. ಹೇಗೆ ಮಾಡಿದಿರೆಂದು ಬರೆದರೆ ಬೇರೆ ಬಂದರಿನವರಿಗೂ ಹೇಳುತ್ತೇನೆ.

ಐವತ್ತು ಸಾವಿರದ ಸಂಗತಿ ಅತ್ತೆಗೆ ಗೊತ್ತಾ?

ಸೂಜಿ


ಆಗಸ್ಟ್ ೧೪

ಪ್ರೀತಿಯ ಸೂಜಿ,

ನೀನು ಹಾಕಿದ ಗೆರೆ ನಿನ್ನ ಮಾವ ದಾಟುತ್ತಾನೆಯೇ? ಎಲ್ಲ ಇದ್ದಲ್ಲೇ ಇದೆ. ಬೇರೆ ಬಂದರಿನವರಿಗೆ ನೀನು ಹೇಳಿದಂತೆಯೇ ಬಿಗಿಯಲು ಹೇಳು, ನನ್ನ ಕೈಗುಣ ಅವರಿಗೆ ಬರುವುದಿಲ್ಲ.

ಹತ್ತಿರದ ಬೋಟುಗಳು ಗಂಟೆ ಹೊಡೆದ ಹಾಗೆ ಕೇಳುತ್ತವೆ. ದೂರದವರು ಈಚೆಗೆ ಹೆಚ್ಚು ಕೂಗುವುದಿಲ್ಲ. ಕಡಲು ಸಮಾಧಾನವಾಗಿದೆ, ಕೂಗುವ ಅಗತ್ಯವೇನು? ಬೆಕ್ಕು ಮೂರು ಮರಿ ಹಾಕಿದೆ.

ಅತ್ತೆಗೆ ಗೊತ್ತಿಲ್ಲ. ಬರೆಯಬೇಡ.

ಮಾವ


ಸೆಪ್ಟೆಂಬರ್ ೬

ಸೂಜಿ,

ಎಡಚನ ಬೋಟು ಹೋಯಿತು.

ಗುರುವಾರ ಮಧ್ಯಾಹ್ನ. ಅಡಿಹಲಗೆ ಸೀಳಿ ನೀರು ನುಗ್ಗಿದೆ ಎನ್ನುತ್ತಾರೆ. ಅವನೂ ಸೇರಿ ನಾಲ್ಕು ಜನ. ಇಬ್ಬರು ಸಿಕ್ಕಿದ್ದಾರೆ. ಎಡಚ ಸಿಕ್ಕಿಲ್ಲ. ನನಗೇನೂ ಕೇಳಿಸಲಿಲ್ಲ. ನಾನು ಕುರ್ಚಿಯಲ್ಲೇ ಇದ್ದೆ, ಎದ್ದು ಹೋಗಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಯಾರು ಬೇಕಾದರೂ ಕೇಳಲಿ, ನಾನು ಅಲ್ಲೇ ಕೂತಿದ್ದೆ. ಏನೂ ಕೇಳಿಸಲಿಲ್ಲ.

ನಿನ್ನ ಅಮ್ಮನಿಗೆ ನೀನೇ ತಿಳಿಸು.

ಮಾವ


ಸೆಪ್ಟೆಂಬರ್ ೧೫

ಮಾವ,

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ಅತ್ತೆ ಎತ್ತುತ್ತಾರೆ, ನೀವು ಬರುವುದಿಲ್ಲ. ಊಟ ಮಾಡುತ್ತಿದ್ದೀರಾ?

ವಿಚಾರಣೆಯ ಅಧಿಕಾರಿ ಇಲ್ಲಿಗೂ ಕಾಗದ ಬರೆದಿದ್ದಾರೆ. ಆ ದಿನ ಇನ್ನೊಂದು ಬೋಟು ಕಡಲಿನಲ್ಲಿ ಬಹಳ ಆಚೆಗಿತ್ತಂತೆ. ಅದರ ಯಜಮಾನರು ಹೇಳಿಕೆ ಕೊಟ್ಟಿದ್ದಾರೆ: ಎರಡು ಗಂಟೆಯಿಂದ ಎರಡೂಮುಕ್ಕಾಲರವರೆಗೆ ಎಡಚಮಾಮ ಏಳು ಸಲ ಕೂಗಿದರು. ಏಳು ಸಲವೂ ನಿಮ್ಮನ್ನೇ ಕರೆದರು. ಆ ಬೋಟಿನವರೂ ನಿಮ್ಮನ್ನು ಕೂಗಿದರಂತೆ. ಉತ್ತರ ಬರದೆ ತಾವೇ ಅತ್ತ ತಿರುಗಿಸಿದರು, ತಲುಪಲು ಎರಡು ಗಂಟೆ ಹಿಡಿಯಿತು. ಧಕ್ಕೆಯಿಂದಾದರೆ ನಲವತ್ತು ನಿಮಿಷದ ದಾರಿ ಎಂದು ಅಧಿಕಾರಿ ಬರೆದಿದ್ದಾರೆ.

ಏಳು ಸಲ ಮಾವ! ಮೊದಲನೇ ಕಿವಿಗೆ ಅದು ಬಿದ್ದೇ ಬಿದ್ದಿರಬೇಕು. ನನ್ನ ಪೆಟ್ಟಿಗೆಯೇ ಅದನ್ನು ನುಂಗಿದೆ. ಹೇಗೆ ಎಂದು ತಿಳಿಯಬೇಕು. ಬದಿಯ ಆ ಕಾರ್ಡು ತೆಗೆದು, ಬಟ್ಟೆಯಲ್ಲಿ ಸುತ್ತಿ, ಇವತ್ತೇ ಕಳಿಸಿ. ಅದರಲ್ಲಿ ಎಲ್ಲ ಇರುತ್ತದೆ.

ಸೂಜಿ


ಸೆಪ್ಟೆಂಬರ್ ೨೩

ಸೂಜಿ,

ಕಾರ್ಡು ಹಾಳಾಯಿತು. ಹುಡುಕಲು ಹೊರಟ ಗಡಿಬಿಡಿಯಲ್ಲಿ ಕೈಜಾರಿ ಉಪ್ಪುನೀರಿಗೆ ಬಿತ್ತು. ತೆಗೆದೆ, ಆದರೆ ಅದು ಇನ್ನು ಉಪಯೋಗಕ್ಕೆ ಬಾರದು.

ಅಧಿಕಾರಿ ಬಂದು ನೋಡಿದರು. ಎರಡನೇ ಆಂಟೆನಾ ಹಿಂಗೋಡೆಯಲ್ಲಿ ನೀನು ಹೇಳಿದ ಜಾಗದಲ್ಲೇ ಇದೆ ಎಂದು ಬರೆದುಕೊಂಡು ಹೋದರು.

ಎಡಚನ ಹೆಂಡತಿ ದಿನಾ ಮಧ್ಯಾಹ್ನ ಮೆಟ್ಟಿಲು ಹತ್ತಿ ಬರುತ್ತಾಳೆ. ಅಳುವುದಿಲ್ಲ, ಬೈಯುವುದಿಲ್ಲ. ಬಾಗಿಲಲ್ಲಿ ನಿಂತು ಅದೇ ಮಾತು ಕೇಳುತ್ತಾಳೆ.

“ಅಣ್ಣಾ, ಅವ್ರು ಕರೆದ್ರಂತಲ್ಲ. ನಿಮಗೆ ಒಂದ್ಸಲನೂ ಕೇಳಿಸ್ಲಿಲ್ವಾ?”

“ಇಲ್ಲಮ್ಮ.”

“ಹೊಸ ಬ್ಯಾಟರಿ ಹಾಕಿದ್ರು. ನೀವು ಹೇಳಿದ್ರಿ ಅಂತ.”

ನಾನೇನು ಹೇಳಲಿ? ನೀನು ಓದಿದವಳು, ಆ ಪೆಟ್ಟಿಗೆಯಲ್ಲಿ ಏನಾಯಿತೆಂದು ನೀನೇ ಯೋಚಿಸಿ ನೋಡು.

ಮಾವ


ಅಕ್ಟೋಬರ್ ೪

ಪ್ರೀತಿಯ ಮಾವ,

ಯೋಚಿಸಿ ನೋಡಿದೆ. ನಿಮ್ಮ ಕಾಗದ ಬಂದಾಗಿನಿಂದ ಬೇರೇನೂ ಮಾಡಿಲ್ಲ. ಕಾರಣ ಸಿಕ್ಕಿತು ಅಂದುಕೊಂಡಿದ್ದೇನೆ.

ಪೆಟ್ಟಿಗೆ ಕಲಿಯುವ ವೇಗವನ್ನು ನಾನು ಬಹಳ ಹೆಚ್ಚಿಗೆ ಇಟ್ಟಿದ್ದೆ. ದೂರದ ಕ್ಷೀಣ ದನಿಯನ್ನೂ ಅದು ಆತುರದಲ್ಲಿ ಟವರಿನದೇ ಎಂದು ಕಲಿತು ಅಳಿಸಿರಬಹುದು. ಕಾಗದದ ಮೇಲೆ ಲೆಕ್ಕ ಪೂರ್ತಿ ಕೂಡುವುದಿಲ್ಲ, ಎಲ್ಲೋ ಕೊಂಡಿ ತಪ್ಪುತ್ತದೆ. ಆದರೆ ಆಂಟೆನಾ ಸರಿಯಾದ ಜಾಗದಲ್ಲಿತ್ತು ಅಂದಮೇಲೆ ಉಳಿಯುವುದು ನನ್ನ ತಪ್ಪೊಂದೇ. ಆ ಪೂರ್ತಿ ಮೌನದ ಸುದ್ದಿ ಬಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಕುಣಿದಾಡಿಬಿಟ್ಟೆ, ಅದನ್ನೇ ವರದಿಯ ಮೊದಲ ಪುಟಕ್ಕೆ ಹಾಕಿದೆ.

ಇಪ್ಪತ್ತನೇ ತಾರೀಕು ನನ್ನ ಹೇಳಿಕೆಗೆ ಸಹಿ ಹಾಕುತ್ತೇನೆ. ಮೂವತ್ತು ಬಂದರುಗಳ ಪೆಟ್ಟಿಗೆಗಳನ್ನೂ ಅವತ್ತೇ ಬಿಚ್ಚಿಸುತ್ತಾರೆ. ಅಲ್ಲಿನವರು ಬಿಚ್ಚಬೇಡಿ ಎಂದು ಬರೆಯುತ್ತಿದ್ದಾರೆ, ತಮ್ಮಲ್ಲಿ ಚೆನ್ನಾಗಿ ಕೇಳುತ್ತಿದೆ ಅಂತ. ಹೋದ ತಿಂಗಳು ಒಂದು ಕಡೆ ಅದರಿಂದಲೇ ಐದು ಜನ ಬದುಕಿದರಂತೆ. ನಿಮ್ಮ ಮಾವನೂ ಹೀಗೇ ಬರೆದಿದ್ದರಲ್ಲ ಎಂದು ನಮ್ಮ ಮೇಲಧಿಕಾರಿಗಳು ಹೇಳಿದರು. ಸಹಿಯಾದ ಮೇಲೆ ನಾನೂ ಈ ಕೆಲಸ ಬಿಡುತ್ತೇನೆ.

ನೀವು ನಿಮ್ಮನ್ನು ಹಳಿದುಕೊಳ್ಳಬೇಡಿ. ಅತ್ತೆ ಹೇಳಿದರು, ನೀವು ಕನ್ನಡಕದ ಡಬ್ಬಿ ಕೈಯಲ್ಲಿ ಹಿಡಿದು ಗೋಡೆ ನೋಡಿಕೊಂಡು ಕೂತಿರುತ್ತೀರಿ ಅಂತ. ನಿಮ್ಮದೇನೂ ತಪ್ಪಿಲ್ಲ ಮಾವ. ನೀವು ನಾನು ಹೇಳಿದಂತೆ ಮಾಡಿದಿರಿ. ನಾನು ಹೇಳಿದ್ದೇ ತಪ್ಪಾಗಿತ್ತು.

ನಿಮ್ಮ ಸೂಜಿ


ಅಕ್ಟೋಬರ್ ೯

ಮಗಳೇ,

ಸಹಿ ಹಾಕಬೇಡ.

ಈ ಲಕೋಟೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾರ್ಡಿದೆ. ಅದು ನೀರಿಗೆ ಬಿದ್ದಿರಲಿಲ್ಲ. ಒಂದು ತಿಂಗಳಿಂದ ನನ್ನ ಕನ್ನಡಕದ ಡಬ್ಬಿಯಲ್ಲಿತ್ತು. ನಿನ್ನ ಅತ್ತೆ ನೋಡಿದ್ದು ಅದನ್ನೇ. ತೆರೆದು ನೋಡು, ಜುಲೈ ಹತ್ತೊಂಬತ್ತರ ಬೆಳಗ್ಗೆ ಹತ್ತು ಗಂಟೆಯಲ್ಲಿ ಎಲ್ಲ ಬದಲಾಗಿರುತ್ತದೆ. ಅವತ್ತು ನಾನು ಏಣಿ ಹಾಕಿ ಎರಡನೇ ಆಂಟೆನಾವನ್ನು ಹಿಂಗೋಡೆಯಿಂದ ಬಿಚ್ಚಿ, ಮಾಡಿನ ಕಂಬಕ್ಕೆ, ಮೊದಲನೆಯದರ ಮಗ್ಗುಲಿಗೇ ಕಟ್ಟಿದೆ. ಎರಡರ ನಡುವೆ ಒಂದು ಗೇಣು.

ಯಾಕೆಂದು ಹೇಳುತ್ತೇನೆ. ಪಂದ್ಯದ ದಿನ ಐಸಿನವನು ಬಂದು ಕೂತು ಕೇಳಿದ. ಸೊಳ್ಳೆ ಗುಂಯ್ ಎಂದಿತು. “ಇದೇನು, ನಿನ್ನ ತಲೆಯೊಳಗಿನ ಸದ್ದಾ?” ಎಂದು ನಕ್ಕ. ಸೋತೆ. ನಾನು ಕೊಟ್ಟ ನೋಟನ್ನು ಅವನು ಜೇಬಿಗೆ ಹಾಕಿಕೊಳ್ಳಲಿಲ್ಲ. ಫ್ಯಾಕ್ಟರಿಯ ಆಫೀಸಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಐಸಿಗೆ ಬಂದವರೆಲ್ಲ ಅದನ್ನು ನೋಡಿ, “ಕಿವಿಯಣ್ಣನ ಫೀಸು ಇದೇನಾ?” ಎನ್ನುವುದು. ಎಡಚನೂ ನಕ್ಕ. ಹತ್ತು ದಿನ ಆ ಗೋಡೆ ನನ್ನ ಕಣ್ಣಿಗೆ ಚುಚ್ಚಿತು. ಎರಡು ಕಿವಿಗೂ ಒಂದೇ ಥರ ಕೇಳಿಸಿದರೆ ಕಳೆಯುವುದು ಸುಲಭವಾದೀತು ಎಂದು ನನ್ನ ಏಳನೇ ಕ್ಲಾಸಿನ ತಲೆಗೆ ಹೊಳೆಯಿತು. ಕಟ್ಟಿದೆ, ಹಾಡು ಸತ್ತಿತು. ಹಾಡಿನ ಜೊತೆ ಇನ್ನೇನು ಸತ್ತಿತೆಂದು ನಾನು ನೋಡಲಿಲ್ಲ.

ನೀನು ಬರೆದಿದ್ದೆ, ಎರಡನೇ ಕಿವಿಗೆ ಬೀಳುವುದನ್ನೆಲ್ಲ ಅದು ಶತ್ರು ಎಂದು ತಿಳಿಯುತ್ತದೆ ಎಂದು. ಎರಡು ಸಲ ಓದಿ ಎಂದೂ ಬರೆದಿದ್ದೆ. ಒಂದು ಸಲ ಓದಿ ಮಡಚಿ, ಅದನ್ನು ಪೆಟ್ಟಿಗೆಯ ಕಾಲಿಗೆ ಆಸರೆಯಾಗಿ ಇಟ್ಟಿದ್ದೆ.

ಅವತ್ತು ಸಂಜೆಯೇ ಎಡಚ ಬಂದು ಹೇಳಿದ, ಮೂರು ಸಲ ಕೂಗಿದೆ ಎಂದು. ನಾನು ಬ್ಯಾಟರಿ ಎಂದೆ. ಆಮೇಲೆ ಇನ್ನೂ ಮೂವರು ಬಂದು ಅದನ್ನೇ ಹೇಳಿದರು. ಒಬ್ಬನಿಗೆ ವೈರು ಎಂದೆ, ಒಬ್ಬನಿಗೆ ಮೋಡ ಎಂದೆ, ಇನ್ನೊಬ್ಬನನ್ನು ಕುಡುಕ ಎಂದೆ. ಇವನ್ನು ನಿನಗೆ ಬರೆಯಲಿಲ್ಲ. ನೀನು ಆಂಟೆನಾ ಇದ್ದಲ್ಲೇ ಇದೆಯಾ ಎಂದು ಕೇಳಿದಾಗ ಏಣಿಯವರೆಗೆ ಹೋಗಿ ವಾಪಸು ಬಂದೆ. ಅಷ್ಟು ಹೊತ್ತಿಗೆ ನನ್ನ ಸಾಲು ನಿನ್ನ ವರದಿಯ ಮೊದಲ ಪುಟಕ್ಕೆ ಹೋಗಿತ್ತು. ನಾಳೆ ಬಿಚ್ಚೋಣ, ಐಸಿನವನು ಆ ನೋಟು ಗೋಡೆಯಿಂದ ಇಳಿಸಲಿ, ಆಮೇಲೆ ಬಿಚ್ಚೋಣ ಎಂದುಕೊಂಡೆ. ಅವನು ಇವತ್ತು ಇಳಿಸುತ್ತೇನೆ, ನಾಳೆ ಇಳಿಸುತ್ತೇನೆ ಎಂದು ಆಟ ಆಡಿಸಿದ. ಕಟ್ಟಿದ ದಿನದಿಂದ ಆರು ವಾರ ಹೋಯಿತು.

ಆ ಗುರುವಾರ ಎರಡು ಗಂಟೆಯಿಂದ ಎರಡೂಮುಕ್ಕಾಲರವರೆಗೆ ನಾನು ಸ್ಪೀಕರಿನಿಂದ ಒಂದು ಮೊಳ ದೂರದಲ್ಲಿ ಕೂತಿದ್ದೆ. ಬೆಕ್ಕಿನ ಮರಿಗಳು ಸ್ಪೀಕರಿನ ಮೇಲೆ ಮಲಗಿದ್ದವು. ಒಂದು ಮರಿಯ ಕಾಲಿಗೆ ಸಿಕ್ಕಿದ್ದ ಬಲೆಯ ದಾರ ಬಿಡಿಸುತ್ತಿದ್ದೆ. ಏಳು ಸಲ ಕರೆದನಂತೆ. ದಾರ ಬಿಡಿಸುವುದಕ್ಕೆ ನನಗೆ ಅಷ್ಟೇ ಹೊತ್ತು ಹಿಡಿದಿತ್ತು.

ಸಂಜೆ ಆ ಇನ್ನೊಂದು ಬೋಟು ಬಂದು ಸುದ್ದಿ ಹೇಳಿತು. ಎಲ್ಲರೂ ಧಕ್ಕೆಗೆ ಓಡಿದರು. ನಾನು ಮಾಡಿಗೆ ಹತ್ತಿದೆ. ಗಂಟು ಬಿಗಿದಿತ್ತು, ಹಲ್ಲಿನಿಂದ ಬಿಚ್ಚಿದೆ. ಎರಡನೇ ಆಂಟೆನಾ ಕೈಗೆ ಬಂದು ಹಿಂಗೋಡೆಗೆ ಹೋಗುವಷ್ಟರಲ್ಲಿ ಕೆಳಗೆ ಕೋಣೆಯಲ್ಲಿ ಸ್ಪೀಕರು ಸುಯ್ ಎಂದಿತು. ಬೆಕ್ಕು ಕಿಟಕಿಯಿಂದ ಹಾರಿತು. ಆಮೇಲೆ ದೂರದಿಂದ ಎಷ್ಟೊಂದು ದನಿ ಬಂದವು ಸೂಜಿ! ಹುಡುಕಲು ಹೋದವರೆಲ್ಲ ಒಬ್ಬರಾದ ಮೇಲೊಬ್ಬರು ಎಡಚನ ಬೋಟನ್ನು ಕೂಗುತ್ತಿದ್ದರು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ನಿನ್ನ ಪೆಟ್ಟಿಗೆಯಲ್ಲಿ ಏನೂ ದೋಷವಿಲ್ಲ. ಆ ಹತ್ತು ದಿನ ಹೇಗೆ ಕೇಳಿಸುತ್ತಿತ್ತೋ ಹಾಗೇ ಕೇಳಿಸಿತು. ನಾನು ಏಣಿಯ ಮೇಲೆಯೇ ನಿಂತು ಕೇಳಿದೆ. ಆಮೇಲೆ ಇಳಿದು ಬಂದು ಕಾರ್ಡು ತೆಗೆದು ಡಬ್ಬಿಗೆ ಹಾಕಿಕೊಂಡೆ.

ನಿನ್ನ ಹಿಂದಿನ ಕಾಗದ ಬರದಿದ್ದರೆ ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ನಿನಗೆ ಸುಳ್ಳು ಹೇಳಲು ಇನ್ನು ಇಷ್ಟವಿಲ್ಲ, ಅದಕ್ಕೇ ಹೇಳಿದೆ. ‘ನಿಮ್ಮದೇನೂ ತಪ್ಪಿಲ್ಲ’ ಎಂದು ಬರೆದೆಯಲ್ಲ, ಆ ಸಾಲನ್ನು ಎರಡು ಸಲ ಓದಿದೆ.

ಬೆಳಗ್ಗೆ ಎಡಚನ ಹೆಂಡತಿಯ ಮನೆಗೆ ಹೋಗಿ ಹೇಳಿದೆ. ಮೆಟ್ಟಿಲು ಹತ್ತಿ ಅವಳು ಬರುವವರೆಗೆ ಕಾಯಲಿಲ್ಲ. ಅವಳು ಒಲೆಯ ಮುಂದೆ ಇದ್ದಳು. ಎಲ್ಲ ಕೇಳಿ, “ಹಾಗಾದ್ರೆ ಅವ್ರ ಬ್ಯಾಟರಿ ಚೆನ್ನಾಗೇ ಇತ್ತು,” ಎಂದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವಳು ಮತ್ತೆ ನನ್ನ ಕಡೆ ತಿರುಗಲಿಲ್ಲ.

ಕೋಣೆಯ ಬೀಗದ ಕೈಯನ್ನು ಮೀನುಗಾರರ ಸಂಘದವರಿಗೆ ಕೊಟ್ಟಾಯಿತು. ಆಂಟೆನಾ ಮುಟ್ಟಬೇಡಿ ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದೇನೆ.

ನಾಳೆ ಹನ್ನೊಂದು ಗಂಟೆಗೆ ವಿಚಾರಣೆಯ ಅಧಿಕಾರಿ ಬರುತ್ತಾರೆ. ದೊಡ್ಡ ಮೇಜಿರುವುದು ಐಸ್ ಫ್ಯಾಕ್ಟರಿಯಲ್ಲಿ ಮಾತ್ರ, ಹೋದ ಸಲವೂ ಅಲ್ಲೇ ಕೂತಿದ್ದರು. ಗೋಡೆಯ ನೋಟು ತೋರಿಸಿ “ಇದೇನು?” ಎಂದು ಕೇಳಿದಾಗ ಐಸಿನವನು ನೆಲ ನೋಡುತ್ತಾ, “ಏನೋ ಹಳೇ ತಮಾಷೆ ಸಾರ್,” ಎಂದಿದ್ದ. ಈಗ ಅದನ್ನು ಇಳಿಸಲು ಅವನಿಗೂ ಕೈ ಬರುತ್ತಿಲ್ಲ. ನಾಳೆ ನಾನು ಅದರ ಕೆಳಗೆ ಕೂತು ಎಲ್ಲ ಹೇಳುತ್ತೇನೆ. ಪಂದ್ಯ ಎಷ್ಟರದು ಎಂದು ಅವರು ಕೇಳಿಯೇ ಕೇಳುತ್ತಾರೆ. ನೀನೂ ಅದರ ಸಂಗತಿ ಕೇಳಿದ್ದೆ. ಐವತ್ತು ಸಾವಿರ ಎಂದು ಧಕ್ಕೆಯ ಮೇಲೆ ಕೂಗಿದ್ದು ನಿಜ. ಕೈಕುಲುಕುವ ಹೊತ್ತಿಗೆ ಅದು ಎಷ್ಟಕ್ಕೆ ಇಳಿದಿತ್ತೆಂದು ನಿನ್ನ ಅತ್ತೆಗೂ ಹೇಳಿಲ್ಲ.

ಹತ್ತರ ಒಂದು ನೋಟು. ಮೂಲೆ ಹರಿದು ಅಂಟು ಹಾಕಿದ್ದು.